ಶಾಕ್ ಸೋರುತ್ತಿದೆ: ಬಿಚ್ಚಿ ಕಟ್ಟುವುದೋ, ಹೊಸದು ಹಾಕುವುದೋ?

ಪ್ರಶ್ನೆ: ನನ್ನದು 2023ರ ಮಾರುತಿ ಜಿಮ್ನಿ. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ದಿನವೂ ಓಡುತ್ತದೆ, ಆಗಾಗ ಗುಡ್ಡದ ದಾರಿಗೂ ಹೋಗುತ್ತೇನೆ. 2 ಇಂಚು ಲಿಫ್ಟ್ ಮಾಡಿಸಿ, ಗ್ಯಾಸ್ ತುಂಬುವ ಡಬ್ಬಿ (ರಿಸರ್ವಾಯರ್) ಹೊರಗಿರುವ ಗ್ಯಾಸ್ ಶಾಕ್ ಅಬ್ಸಾರ್ಬರ್ ನಾಲ್ಕೂ ಹಾಕಿಸಿದ್ದೆ. ಅವು ಈಗ 38,000 ಕಿ.ಮೀ. ಓಡಿವೆ. ಹಿಂದಿನ ಎಡಗಡೆಯದು ಎಣ್ಣೆ ಬಿಡುತ್ತಿದೆ. ಗ್ಯಾರೇಜಿನವರು ನಾಲ್ಕೂ ಹೊಸದು ಹಾಕಿ ಅನ್ನುತ್ತಾರೆ, ಗೆಳೆಯರು ಆ ಒಂದಕ್ಕೆ ಸೀಲ್ ಹಾಕಿದರೆ ಸಾಕು ಅನ್ನುತ್ತಾರೆ. ಯಾವುದು ಸರಿ? ಬಿಚ್ಚಿ ಕಟ್ಟುವ ರೀಬಿಲ್ಡ್ ಯಾವಾಗ ಮಾಡಬೇಕು? ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ನಾಲ್ಕೂ ಹೊಸದು ಬೇಕಿಲ್ಲ. ಒಂದಕ್ಕೆ ಮಾತ್ರ ಸೀಲ್ ಹಾಕಿ ಬಿಟ್ಟರೂ ಆಗುವುದಿಲ್ಲ. ಸೋರಿಕೆ ಕಣ್ಣಿಗೆ ಬೀಳುವುದು ಕೊನೆಗೆ, ಒಳಗಿನ ಎಣ್ಣೆ ಅದಕ್ಕಿಂತ ಬಹಳ ಮೊದಲೇ ಕೆಟ್ಟಿರುತ್ತದೆ. ತೋಟದ ದಾರಿಯಲ್ಲಿ 38,000 ಕಿ.ಮೀ. ಓಡಿದ ಮೇಲೆ ನಾಲ್ಕರ ಎಣ್ಣೆಯೂ ಒಂದೇ ಸ್ಥಿತಿಯಲ್ಲಿರುತ್ತದೆ, ಎಡಗಡೆಯದರ ಸೀಲ್ ಮೊದಲು ಸೋತಿದೆ ಅಷ್ಟೆ. ಹಿಂದಿನ ಎರಡನ್ನೂ ಒಟ್ಟಿಗೆ ಬಿಚ್ಚಿ ಕಟ್ಟಿಸಿ, ಅದು ಮುಗಿದ ಕೂಡಲೇ ಮುಂದಿನ ಎರಡನ್ನು ಹಿಡಿಯಿರಿ. ಒಂದೇ ಆಕ್ಸಲ್‌ನಲ್ಲಿ ಒಂದು ಕಡೆ ಹೊಸ ಎಣ್ಣೆ, ಇನ್ನೊಂದು ಕಡೆ ಹಳೆಯದು ಇದ್ದರೆ ತಿರುವಿನಲ್ಲಿ ಬ್ರೇಕ್ ಹಾಕಿದಾಗ ಗಾಡಿ ಎರಡು ಕಡೆಗೂ ಒಂದೇ ತರ ನಿಲ್ಲುವುದಿಲ್ಲ.

ಮೊದಲು ನಿಮ್ಮ ಶಾಕ್ ಬಿಚ್ಚಲು ಬರುವಂಥದ್ದೇ ಎಂದು ನೋಡಿ. ರಾಡ್ ಹೊರಬರುವ ಬಾಯಿಯ ಹತ್ತಿರ ಕೆಸರು ಒರೆಸಿದರೆ ಒಳಗೆ ಒಂದು ತಂತಿ ರಿಂಗು ಅಥವಾ ಸರ್ಕ್ಲಿಪ್ ಕಾಣಬೇಕು, ಇಲ್ಲವೇ ತಿರುಪಿನ ಮುಚ್ಚಳ ಇರಬೇಕು. ರಿಸರ್ವಾಯರ್ ತುದಿಯಲ್ಲಿ ಗಾಳಿ ತುಂಬುವ ವಾಲ್ವ್ ಇರಬೇಕು. ಇವೆರಡೂ ಇದ್ದರೆ ಅದು ರೀಬಿಲ್ಡ್ ಆಗುವ ಶಾಕ್. ಗಾಡಿಯ ಜೊತೆ ಕಂಪನಿಯಿಂದ ಬರುವ ಶಾಕ್‌ಗಳ ಬಾಯಿಯನ್ನು ಒತ್ತಿ ಮಡಚಿ ಮುಚ್ಚಿರುತ್ತಾರೆ, ಅವು ಹೋದರೆ ಹೊಸದೇ ಗತಿ. ಅಂಥವಕ್ಕೂ ತೂತು ಕೊರೆದು, ಎಣ್ಣೆ ಸುರಿದು, ವೆಲ್ಡ್ ಮಾಡಿ ಕೊಡುವ ಅಂಗಡಿಗಳಿವೆ. ಗ್ಯಾಸ್ ಶಾಕನ್ನು ಅಲ್ಲಿಗೆ ಒಯ್ಯಲೇಬೇಡಿ. ಒಳಗೆ 200 ಪಿಎಸ್‌ಐ ಒತ್ತಡ ಇರುವ ಕೊಳವೆಗೆ ಡ್ರಿಲ್ಲು ಅಥವಾ ಬೆಂಕಿ ತಾಗಿದರೆ ಪ್ರಾಣಕ್ಕೇ ಅಪಾಯ.

ಇನ್ನು ಯಾವಾಗ ಎನ್ನುವ ಪ್ರಶ್ನೆ. ರಾಡ್ ಮೇಲೆ ಎಣ್ಣೆಯ ತೆಳು ಪಸೆ, ಅದಕ್ಕೆ ಅಂಟಿದ ಒಂದಿಷ್ಟು ದೂಳು ಇದ್ದರೆ ಗಾಬರಿ ಬೇಡ. ಆ ಪಸೆ ಇಲ್ಲದಿದ್ದರೆ ಸೀಲ್ ಒಣಗಿ ಹರಿಯುತ್ತದೆ. ಒರೆಸಿ ಒಂದು ದಿನ ಓಡಿಸಿದ ಮೇಲೆ ಮತ್ತೆ ಒದ್ದೆಯಾಗಿ ಕೊಳವೆಯ ಉದ್ದಕ್ಕೂ ಗೆರೆ ಇಳಿದಿದ್ದರೆ, ಅಥವಾ ಶಾಕನ್ನು ಗಾಡಿಗೆ ಸೇರಿಸುವ ಕೆಳಗಿನ ಬುಷ್ ಹತ್ತಿರ ಹನಿ ನಿಂತಿದ್ದರೆ ಅದು ಸೋರಿಕೆ.

ಸೋರದೆಯೂ ಕೆಲಸ ನಿಲ್ಲಿಸಿದ ಶಾಕನ್ನು ಹಿಡಿಯಲು ಬಿಸಿ ನೋಡಿ. ಶಾಕ್‌ನ ಕೆಲಸವೇ ಚಕ್ರದ ಕುಣಿತವನ್ನು ಬಿಸಿಯಾಗಿ ಬದಲಿಸುವುದು. ಒರಟು ದಾರಿಯಲ್ಲಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿದ ತಕ್ಷಣ ನಾಲ್ಕೂ ಶಾಕ್‌ಗಳ ಮೈಗೆ ಥರ್ಮಾಮೀಟರ್ ಗನ್ ಹಿಡಿಯಿರಿ. ಬರಿಗೈಯಲ್ಲಿ ಮುಟ್ಟಿದರೆ ಸುಡಬಹುದು. ಹಿಂದಿನ ಎರಡರಲ್ಲಿ ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ತಣ್ಣಗಿರುವುದೇ ಸತ್ತಿರುವುದು. ಬಿಸಿಯಾದದ್ದು ಕೆಟ್ಟಿದೆ ಎಂದುಕೊಂಡು ಒಳ್ಳೆಯದನ್ನೇ ಬಿಚ್ಚುವವರು ಬಹಳ. ಹೊರಟಾಗ ಚೆನ್ನಾಗಿದ್ದ ಗಾಡಿ ಇಪ್ಪತ್ತು ನಿಮಿಷದ ಗುಂಡಿ ದಾರಿಯ ನಂತರ ತೇಲಾಡತೊಡಗಿದರೆ ಎಣ್ಣೆ ತೆಳ್ಳಗಾಗಿದೆ ಅಥವಾ ಒಳಗೆ ತುಂಬಿದ ಗ್ಯಾಸ್, ಅಂದರೆ ನೈಟ್ರೋಜನ್, ಇಳಿದು ಎಣ್ಣೆ ನೊರೆಯಾಗುತ್ತಿದೆ ಎಂದರ್ಥ. ಕಲ್ಲಿನ ಮೇಲೆ ಟಕ್ ಟಕ್ ಸದ್ದು ಬಂದರೆ ಮಾತ್ರ ಶಾಕನ್ನು ದೂರಬೇಡಿ. ಅದು ಸಾಮಾನ್ಯವಾಗಿ ಮೇಲಿನ ಅಥವಾ ಕೆಳಗಿನ ಬುಷ್ ಸವೆದ ಸದ್ದು, ಬುಷ್ ಬದಲಿಸಿದರೆ ಮುಗಿಯಿತು.

ಗ್ಯಾಸ್ ಇದೆಯೋ ಇಲ್ಲವೋ ತಿಳಿಯಲು ಗೇಜ್ ಬೇಡ. ಕೆಳಗಿನ ಬೋಲ್ಟ್ ತೆಗೆದು ರಾಡನ್ನು ಒಳಗೆ ಒತ್ತಿ ಬಿಡಿ. 2 ಇಂಚು ಕೊಳವೆಯ ಶಾಕ್‌ಗಳಲ್ಲಿ ಹೆಚ್ಚಾಗಿ ಇರುವ 5/8 ಇಂಚು ರಾಡ್ ಮೇಲೆ 200 ಪಿಎಸ್‌ಐ ಒತ್ತಡ ಸುಮಾರು 28 ಕೆ.ಜಿ. ಬಲದಿಂದ ಹೊರಗೆ ತಳ್ಳುತ್ತಿರುತ್ತದೆ. ಅಂದರೆ ಮೈಭಾರ ಹಾಕಿ ಒತ್ತಬೇಕು, ಬಿಟ್ಟ ಕೂಡಲೇ ರಾಡ್ ತಾನಾಗಿ ಒಂದೇ ವೇಗದಲ್ಲಿ ಹೊರಬರಬೇಕು. ಒಂದು ಕೈಯಲ್ಲಿ ಒತ್ತಿದರೆ ಹೋಗಿ ಅಲ್ಲೇ ಕೂತರೆ ನೈಟ್ರೋಜನ್ ಖಾಲಿ.

ಲಕ್ಷಣ ಬರುವ ತನಕ ಕಾಯದೆ ಲೆಕ್ಕ ಇಟ್ಟುಕೊಳ್ಳುವುದು ಮೇಲು. ಹೆಚ್ಚು ಡಾಂಬರು, ಅಪರೂಪಕ್ಕೆ ಮಣ್ಣು ಎನ್ನುವವರು 50,000 ಕಿ.ಮೀ. ತನಕ ಹೋಗಬಹುದು. ನಿಮ್ಮಂತೆ ದಿನವೂ ತೋಟ, ಮಳೆಗಾಲವಿಡೀ ಕೆಸರು ಇದ್ದರೆ ಎರಡು ವರ್ಷ ಅಥವಾ 25,000 ಕಿ.ಮೀ., ಯಾವುದು ಮೊದಲೋ ಅದು. ಕೆಸರಿನ ಸ್ಪರ್ಧೆಗೆ ಇಳಿಯುವವರು ಪ್ರತಿ ಸೀಸನ್ ಬಿಚ್ಚಬೇಕು. ಮರುಭೂಮಿ ರೇಸಿನ ತಂಡಗಳು ಒಂದೊಂದು ರೇಸ್ ಮುಗಿದ ಮೇಲೂ ಬಿಚ್ಚುತ್ತವೆ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಗಾಡಿಗಳಿಗೆ ಓಡಿದ ಲೆಕ್ಕಕ್ಕಿಂತ ಉಪ್ಪು ಗಾಳಿಯ ಲೆಕ್ಕ ಮುಖ್ಯ: ನಿಂತಲ್ಲೇ ರಾಡಿನ ಕ್ರೋಮ್ ಮೇಲೆ ಚುಕ್ಕೆ ಬೀಳುತ್ತದೆ, ಆ ಚುಕ್ಕೆ ಸೀಲನ್ನು ತಿನ್ನುತ್ತದೆ.

ಬೇಕಾದದ್ದು ಏನು? ನಿಮ್ಮ ಶಾಕ್‌ನ ಮಾಡೆಲ್‌ಗೆಂದೇ ಬರುವ ಸೀಲ್ ಕಿಟ್: ರಾಡ್ ಸೀಲ್, ಹೊರಗಿನ ವೈಪರ್, ಓ-ರಿಂಗ್‌ಗಳು, ಪಿಸ್ಟನ್ ಸುತ್ತಿನ ಪಟ್ಟಿ ಇಷ್ಟೂ ಅದರಲ್ಲಿರಬೇಕು. ಅಳತೆ ಹೊಂದುತ್ತದೆ ಎಂದು ಹೈಡ್ರಾಲಿಕ್ ಅಂಗಡಿಯ ಯಾವುದೋ ಓ-ರಿಂಗ್ ಹಾಕಬೇಡಿ. ಸಾಮಾನ್ಯ ನೈಟ್ರೈಲ್ ರಬ್ಬರ್ 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇಗ ಗಟ್ಟಿಯಾಗುತ್ತದೆ, ವೈಟಾನ್ 200ರ ತನಕ ತಡೆಯುತ್ತದೆ. ಎಣ್ಣೆಯೂ ಶಾಕ್‌ಗೆಂದೇ ಮಾಡಿದ್ದಿರಲಿ, ಒಂದು ಶಾಕ್‌ಗೆ ಮುಕ್ಕಾಲು ಲೀಟರು ತೆಗೆದಿಡಿ. ಡಬ್ಬದ ಮೇಲಿನ 5 ವೇಟ್ ಎನ್ನುವುದು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೊಂದುವುದಿಲ್ಲ. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ (ಎಣ್ಣೆಯ ಮಂದತನದ ಅಳತೆ) ಎಂದು ನೋಡಿ, ಇಂಥ ಶಾಕ್‌ಗಳಿಗೆ 15ರ ಆಸುಪಾಸು ಸಾಮಾನ್ಯ. ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ 35ರ ಆಸುಪಾಸು ಇರುತ್ತದೆ. ಅದನ್ನು ಹಾಕಿಸಿಕೊಂಡು ಬೆಳಗ್ಗೆ ಎತ್ತಿ ಒಗೆಯುವ ಗಾಡಿಯನ್ನು ಸ್ಪ್ರಿಂಗ್ ಗಟ್ಟಿಯಾಗಿದೆ ಎಂದು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆಸುವವರಿದ್ದಾರೆ.

ನೈಟ್ರೋಜನ್ ಎಂದರೆ ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಹಾಕುವುದಲ್ಲ, ಅಲ್ಲಿನ ಯಂತ್ರ 200 ಪಿಎಸ್‌ಐ ಕೊಡುವುದಿಲ್ಲ. ವೆಲ್ಡಿಂಗ್ ಗ್ಯಾಸ್ ಮಾರುವವರಲ್ಲಿ ಸಿಲಿಂಡರ್ ಸಿಗುತ್ತದೆ. ಅದಕ್ಕಿಂತ ಸುಲಭ, ನಿಮ್ಮೂರಿನ ಎಸಿ, ಫ್ರಿಜ್ ಮೆಕ್ಯಾನಿಕ್: ತಾಮ್ರದ ಪೈಪಿನ ಸೋರಿಕೆ ನೋಡಲು ಅವರ ಹತ್ತಿರ ನೈಟ್ರೋಜನ್ ಸಿಲಿಂಡರೂ ರೆಗ್ಯುಲೇಟರೂ ಇರುತ್ತವೆ. ಅವರ ಹೋಸ್‌ನ ತಿರುಪು ಮಾತ್ರ ನಿಮ್ಮ ವಾಲ್ವಿಗೆ ಕೂರುವುದಿಲ್ಲ, ಅದು ಟೈರ್ ವಾಲ್ವಿನ ತಿರುಪು. ನಡುವೆ ಹಾಕಲು ಗ್ಯಾಸ್ ಕಳೆಯದ ಚಕ್ ಒಂದನ್ನು ನೀವೇ ಕೊಂಡಿಡಿ. ಕಂಪ್ರೆಸರ್ ಗಾಳಿ ತುಂಬಿದರೆ ಏನಾಗುತ್ತದೆ ಎಂದು ಕೇಳುವವರಿಗೆ: ಗಾಳಿಯಲ್ಲಿ ತೇವವಿದೆ, ಬಿಸಿಗೆ ಒತ್ತಡ ಹತೋಟಿ ತಪ್ಪುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ. ಎಣ್ಣೆಯ ಪಕ್ಕದಲ್ಲೇ ಒತ್ತಡದ ಆಮ್ಲಜನಕ ಇರುವುದೂ ಒಳ್ಳೆಯದಲ್ಲ.

ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಾಗಾಗಿ ಸ್ಪ್ರಿಂಗ್ ಒತ್ತುವ ಸಾಧನ ಬೇಡ. ಆದರೆ ಆಕ್ಸಲ್ ಕೆಳಗೆ ಬೀಳದಂತೆ ಹಿಡಿದಿರುವುದೇ ಶಾಕ್. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ ಕೆಳಗೆ ಜಾಕ್ ಕೊಟ್ಟ ಮೇಲೆಯೇ ಬೋಲ್ಟ್ ತೆಗೆಯಿರಿ. ಇಲ್ಲವಾದರೆ ಆಕ್ಸಲ್ ಜಾರಿ ಬ್ರೇಕ್ ಹೋಸ್ ಎಳೆಯುತ್ತದೆ, ಸ್ಪ್ರಿಂಗ್ ಜಾಗ ಬಿಟ್ಟು ಹೊರಬರುತ್ತದೆ.

ಶಾಕನ್ನು ಬಿಚ್ಚುವ ಮೊದಲು ಡೀಸೆಲ್, ಆಮೇಲೆ ಸೋಪು ನೀರು ಹಾಕಿ ತೊಳೆದು ಒಣಗಿಸಿ. ಶಾಕ್‌ನ ಬಿಗಿ ಹೊಂದಿಸುವ ಕ್ಲಿಕ್ ನಾಬ್ ಇದ್ದರೆ ಪೂರ್ತಿ ಮುಚ್ಚಿದಲ್ಲಿಂದ ಎಷ್ಟು ಕ್ಲಿಕ್ ತೆರೆದಿತ್ತು ಎಂದು ಬರೆದಿಟ್ಟು, ಪೂರ್ತಿ ತೆರೆಯಿರಿ. ಈಗ ಕನ್ನಡಕ ಹಾಕಿಕೊಂಡು, ವಾಲ್ವನ್ನು ಮುಖದಿಂದ ಆಚೆ ತಿರುಗಿಸಿ, ಪಿನ್ನನ್ನು ನಿಧಾನವಾಗಿ ಒತ್ತಿ ಗ್ಯಾಸ್ ಬಿಡಿ. ಸದ್ದು ಪೂರ್ತಿ ನಿಂತ ಮೇಲೆ ವಾಲ್ವಿನ ಒಳಪಿನ್ನು ಬಿಚ್ಚಿ. ಅದು ಕೈಗೆ ಬರುವ ತನಕ ಯಾವ ಮುಚ್ಚಳವನ್ನೂ ಮುಟ್ಟಕೂಡದು. ಗ್ಯಾಸ್ ಜೊತೆ ಎಣ್ಣೆ ಸಿಡಿದರೆ ರಿಸರ್ವಾಯರ್ ಒಳಗೆ ಎಣ್ಣೆಯನ್ನೂ ಗ್ಯಾಸನ್ನೂ ಬೇರೆ ಮಾಡುವ ತೇಲುವ ಪಿಸ್ಟನ್ನಿನ ಓ-ರಿಂಗ್ ಹೋಗಿದೆ.

ರಿಸರ್ವಾಯರ್ ಮುಚ್ಚಳವನ್ನು ಸ್ವಲ್ಪ ಒಳಗೆ ಒತ್ತಿ ರಿಂಗ್ ತೆಗೆದು ಹೊರಗೆಳೆಯಿರಿ. ರಾಡ್ ಪೂರ್ತಿ ಹೊರಗಿರುವಾಗ ತೇಲುವ ಪಿಸ್ಟನ್ ಅಂಚಿನಿಂದ ಎಷ್ಟು ಆಳದಲ್ಲಿದೆ ಎಂದು ವರ್ನಿಯರ್‌ನಲ್ಲಿ ಅಳೆದು ಬರೆಯಿರಿ. ಶಾಕನ್ನು ವೈಸ್‌ಗೆ ಹಿಡಿಯುವಾಗ ಬೋಲ್ಟ್ ತೂರುವ ಕಣ್ಣಿನ ಭಾಗವನ್ನು ಹಿಡಿಯಿರಿ. ಕೊಳವೆಯ ಮೈ ಹಿಡಿದರೆ ಅದು ಮೊಟ್ಟೆಯಾಕಾರವಾಗಿ ಪಿಸ್ಟನ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ರಾಡ್ ಹೊರಬರುವ ಬಾಯಿಯ ಮುಚ್ಚಳವಾದ ಸೀಲ್ ಹೆಡ್ಡನ್ನು ಕೆಳಗೆ ಒತ್ತಿ ರಿಂಗು ತೆಗೆದ ಮೇಲೆ, ರಿಂಗು ಕೂತಿದ್ದ ತೋಡಿನ ಅಂಚನ್ನು ಬೆರಳಲ್ಲಿ ತಡವಿ. ಚೂಪಾಗಿದ್ದರೆ ನಯವಾದ ಮರಳು ಕಾಗದದಲ್ಲಿ ಉಜ್ಜಿ ತೆಗೆಯಿರಿ, ಹೊಸ ಓ-ರಿಂಗ್ ಕುಯ್ದುಹೋಗುವುದು ಅಲ್ಲಿಯೇ. ಆಮೇಲೆ ರಾಡನ್ನು ನೇರಕ್ಕೆ ಎಳೆಯಿರಿ.

ಎಣ್ಣೆಯನ್ನು ಬಿಳಿ ತಟ್ಟೆಗೆ ಸುರಿಯಿರಿ. ಬೂದಿ ಬಣ್ಣ ಬಂದಿದ್ದರೆ ಅಲ್ಯುಮಿನಿಯಂ ಮತ್ತು ಪಿಸ್ಟನ್ ಪಟ್ಟಿಯ ಸವೆತ. ಸ್ವಲ್ಪ ಇರುವುದು ಸಹಜ, ಮಿಣುಕುವ ಚೂರುಗಳು ಕಂಡರೆ ಎಲ್ಲಿಂದ ಬಂತು ಎಂದು ಹುಡುಕಬೇಕು. ಹಾಲಿನಂತಿದ್ದರೆ ನೀರು ಸೇರಿದೆ. ಕಪ್ಪಾಗಿ ಸೀದ ವಾಸನೆ ಇದ್ದರೆ ವಿಪರೀತ ಬಿಸಿಯಾಗಿದೆ, ಆಗ ಶಿಮ್‌ಗಳನ್ನು ಒಂದೊಂದಾಗಿ ನೋಡಲೇಬೇಕು.

ಪಿಸ್ಟನ್ನಿನ ಎರಡೂ ಕಡೆ ನಾಣ್ಯ ಪೇರಿಸಿದಂತೆ ಕೂತಿರುವ ತೆಳು ಉಕ್ಕಿನ ಬಿಲ್ಲೆಗಳೇ ಶಿಮ್. ನಟ್ಟಿನ ಕಡೆಯವು ಚಕ್ರ ಕೆಳಗೆ ಇಳಿಯುವಾಗ ತಡೆಯುತ್ತವೆ, ರಾಡಿನ ಕಡೆಯವು ಮೇಲೆ ಬರುವಾಗ. 0.15, 0.20, 0.25 ಮಿ.ಮೀ. ದಪ್ಪದವು ಕಣ್ಣಿಗೆ ಒಂದೇ ತರ ಕಾಣುತ್ತವೆ, ಕ್ರಮ ತಪ್ಪಿದರೆ ಶಾಕ್‌ನ ನಡತೆಯೇ ಬೇರೆ. ನಟ್ಟು ಬಿಚ್ಚಿದ ಕೂಡಲೇ ಇಡೀ ಪೇರಿಯನ್ನು ಉದ್ದ ಸ್ಕ್ರೂಡ್ರೈವರ್ ಮೇಲೆ ಜಾರಿಸಿ, ತಂತಿ ಪೋಣಿಸಿ ಕಟ್ಟಿ, ಫೋಟೋ ತೆಗೆಯಿರಿ. ಎರಡು ಶಾಕ್‌ಗಳನ್ನು ಒಂದೇ ಮೇಜಿನ ಮೇಲೆ ಒಟ್ಟಿಗೆ ಬಿಚ್ಚಬೇಡಿ. ಒಂದನ್ನು ಕಟ್ಟಿ ಮುಗಿಸಿದ ಮೇಲೆಯೇ ಇನ್ನೊಂದು. ಗಾಜಿನ ಮೇಲೆ ಇಟ್ಟಾಗ ಅಲುಗುವ, ಅಂಚಿನಲ್ಲಿ ಬಿರುಕು ಇರುವ, ನೀಲಿಗಟ್ಟಿದ ಶಿಮ್ ತೆಗೆದು ಅದೇ ವ್ಯಾಸ, ಅದೇ ದಪ್ಪದ್ದು ಹಾಕಿ. ಇದೇ ಸಮಯದಲ್ಲಿ ಸ್ವಲ್ಪ ಮೆತ್ತಗೆ ಮಾಡೋಣ ಎಂದು ಪೇರಿ ಬದಲಿಸುವ ಆಸೆ ಬರುತ್ತದೆ. ಈಗ ಬೇಡ. ಹೊಸ ಎಣ್ಣೆಯಲ್ಲಿ ಮೊದಲಿನ ಪೇರಿ ಹೇಗಿದೆ ಎಂದು ಓಡಿಸಿ ನೋಡಿದ ಮೇಲೆ ಅದನ್ನು ಯೋಚಿಸಿ.

ರಾಡನ್ನು ಉಗುರಿನಿಂದ ಉದ್ದಕ್ಕೂ ಗೀರಿ. ಉಗುರು ಎಲ್ಲಿ ತಡೆಯುತ್ತದೋ ಅಲ್ಲಿ ಹೊಸ ಸೀಲೂ ಹರಿಯುತ್ತದೆ. ನವಿರು ಗೀರಾದರೆ 2000 ನಂಬರಿನ ಮರಳು ಕಾಗದ ಎಣ್ಣೆಯಲ್ಲಿ ಅದ್ದಿ ಸುತ್ತಲೂ ಉಜ್ಜಿ, ಉದ್ದಕ್ಕೆ ಉಜ್ಜಿದರೆ ಆ ಗೆರೆಗಳೇ ಎಣ್ಣೆಗೆ ದಾರಿ. ಕ್ರೋಮ್ ಎದ್ದು ಗುಳಿ ಬಿದ್ದಿದ್ದರೆ ಹೊಸ ರಾಡ್ ಹಾಕಿ. ಸಿಗದಿದ್ದರೆ ಬೆಂಗಳೂರಿನ ಪೀಣ್ಯದಂಥ ಕಡೆ ಹಾರ್ಡ್ ಕ್ರೋಮ್ ಮಾಡಿ ಗ್ರೈಂಡ್ ಮಾಡಿ ಕೊಡುವವರಿದ್ದಾರೆ, ಮೂಲ ವ್ಯಾಸವನ್ನು ಬರೆದುಕೊಟ್ಟೇ ಬನ್ನಿ. ಬಾಗಿದ ರಾಡನ್ನು ಒತ್ತಿ ನೇರ ಮಾಡಿಸಬೇಡಿ. ಸೀಲ್ ಹೆಡ್ ಒಳಗಿನ ಬುಷ್‌ನಲ್ಲಿ ಬೂದು ಪದರ ಸವೆದು ತಾಮ್ರದ ಬಣ್ಣ ಕಂಡರೆ ಅದನ್ನೂ ಬದಲಿಸಿ. ಸೀಲ್ ಮಾತ್ರ ಹಾಕಿಸಿದ ಶಾಕ್ ಮೂರೇ ತಿಂಗಳಲ್ಲಿ ಮತ್ತೆ ಸೋರಲು ಹೆಚ್ಚಾಗಿ ಈ ಬುಷ್ಷೇ ಕಾರಣ: ರಾಡ್ ಅಡ್ಡಡ್ಡ ಆಡಿ ಹೊಸ ಸೀಲನ್ನು ಒಂದೇ ಕಡೆ ತಿನ್ನುತ್ತದೆ.

ಕಟ್ಟುವಾಗ ಕೊಳೆಯೇ ಮೊದಲ ಶತ್ರು. ಎಲ್ಲವನ್ನೂ ಬ್ರೇಕ್ ಕ್ಲೀನರಿನಲ್ಲಿ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ. ಕಾಟನ್ ವೇಸ್ಟ್ ಹತ್ತಿರವೂ ಬೇಡ. ಶಿಮ್‌ಗೂ ಪಿಸ್ಟನ್‌ಗೂ ನಡುವೆ ಒಂದು ಎಳೆ ಸಿಕ್ಕರೆ ಆ ಸಂದಿಯಿಂದ ಎಣ್ಣೆ ಸದಾ ಹರಿಯುತ್ತದೆ, ನಿಧಾನದ ದಾರಿಯಲ್ಲಿ ಗಾಡಿ ಓಲಾಡುತ್ತದೆ. ಸೀಲ್‌ನ ಬಟ್ಟಲಿನಂಥ ಬಾಯಿ ಎಣ್ಣೆಯ ಕಡೆಗೆ, ವೈಪರ್ ತುಟಿ ಹೊರಗಡೆಗೆ. ಸೀಲ್ ಹೆಡ್ಡನ್ನು ರಾಡಿಗೆ ಏರಿಸುವಾಗ ತುದಿಯ ತಿರುಪಿಗೆ ಬುಲೆಟ್ ಆಕಾರದ ಟೋಪಿ ಹಾಕಿ, ಅದಿಲ್ಲದಿದ್ದರೆ ತೆಳು ಪ್ಲಾಸ್ಟಿಕ್ ಸುತ್ತಿ ಎಣ್ಣೆ ಸವರಿ. ಬರಿ ತಿರುಪಿನ ಮೇಲೆ ಎಳೆದ ಸೀಲ್ ಹಾಕುವಾಗಲೇ ಹರಿದಿರುತ್ತದೆ. ಪಿಸ್ಟನ್ ನಟ್ಟಿಗೆ ಹೊಸ ಲಾಕ್ ನಟ್ಟು ಅಥವಾ ತಿರುಪು ಸಡಿಲವಾಗದಂತೆ ಹಿಡಿಯುವ ಅಂಟಾದ ಕೆಂಪು ಲಾಕ್‌ಟೈಟ್ ಹಾಕಿ, ತಯಾರಕರು ಹೇಳಿದ ಬಿಗಿತಕ್ಕೆ, ಅಂದರೆ ಟಾರ್ಕ್‌ಗೆ ಟಾರ್ಕ್ ವ್ರೆಂಚಿನಲ್ಲೇ ಬಿಗಿ ಮಾಡಿ. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ. ಸಡಿಲವಾದರೆ ಪಿಸ್ಟನ್ ಕಳಚುತ್ತದೆ, ಅತಿಯಾದರೆ ತಿರುಪು ಎಳೆದು ಹೋಗುತ್ತದೆ.

ಎಣ್ಣೆ ತುಂಬುವುದು ತಾಳ್ಮೆಯ ಕೆಲಸ. ಕೊಳವೆ ನೆಟ್ಟಗೆ, ರಿಸರ್ವಾಯರ್ ಅದಕ್ಕಿಂತ ತಗ್ಗಿನಲ್ಲಿ, ಹೋಸ್ ಸೇರುವ ತುದಿ ಮೇಲಾಗಿ ಇರಲಿ. ಕೊಳವೆಗೆ ಎಣ್ಣೆ ಸುರಿದು, ತೇಲುವ ಪಿಸ್ಟನ್ನನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ರಿಸರ್ವಾಯರ್ ಮತ್ತು ಹೋಸ್‌ನ ಗಾಳಿ ಗುಳ್ಳೆಯಾಗಿ ಕೊಳವೆಯಲ್ಲಿ ಮೇಲೆ ಬರುತ್ತದೆ. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗುಳ್ಳೆ ನಿಂತ ಮೇಲೆ ತೇಲುವ ಪಿಸ್ಟನ್ನನ್ನು ತಯಾರಕರು ಹೇಳಿದ ಆಳಕ್ಕೆ ನಿಲ್ಲಿಸಿ. ರಾಡನ್ನು ಇಳಿಸಿ 3–4 ಸೆಂ.ಮೀ. ಅಷ್ಟೇ ಮೇಲೆ ಕೆಳಗೆ ನಿಧಾನವಾಗಿ ಆಡಿಸಿ, ಹದಿನೈದು ನಿಮಿಷ ಬಿಡಿ, ಮತ್ತೆ ಆಡಿಸಿ. ಜೋರಾಗಿ ಆಡಿಸಿದರೆ ನೀವೇ ನೊರೆ ಎಬ್ಬಿಸಿದಂತೆ. ಕೊನೆಗೆ ಎಣ್ಣೆ ಅಂಚಿನ ತನಕ ತುಂಬಿ, ಸೀಲ್ ಹೆಡ್ ಇಳಿಸುವಾಗ ಸ್ವಲ್ಪ ಹೊರಚೆಲ್ಲಬೇಕು. ರಿಂಗು ತೋಡಿನಲ್ಲಿ ಸುತ್ತಲೂ ಕೂತಿದೆಯೇ ಎಂದು ಕಣ್ಣಲ್ಲೇ ನೋಡಿ. ಆಮೇಲೆ ರಾಡ್ ಪೂರ್ತಿ ಎಳೆದು, ಆ ಆಳವನ್ನು ಇನ್ನೊಮ್ಮೆ ಅಳೆಯಿರಿ.

ಈ ಆಳಕ್ಕೆ ಇಷ್ಟು ಒತ್ತು ಏಕೆಂದರೆ, ರಾಡ್ ಒಳಹೋದಾಗ ಅದರ ಗಾತ್ರದಷ್ಟೇ ಎಣ್ಣೆ ರಿಸರ್ವಾಯರಿಗೆ ನುಗ್ಗುತ್ತದೆ. 5/8 ಇಂಚು ಅಂದರೆ 15.9 ಮಿ.ಮೀ. ರಾಡ್ 20 ಸೆಂ.ಮೀ. ಒಳಹೋದರೆ ಸುಮಾರು 40 ಸಿ.ಸಿ. ರಿಸರ್ವಾಯರಿನ ಒಳವ್ಯಾಸ 50 ಮಿ.ಮೀ. ಇದ್ದರೆ ತೇಲುವ ಪಿಸ್ಟನ್ 20 ಮಿ.ಮೀ. ಹಿಂದೆ ಸರಿಯುತ್ತದೆ. ಗ್ಯಾಸಿಗೆ 60 ಮಿ.ಮೀ. ಜಾಗ ಇದ್ದರೆ 200 ಪಿಎಸ್‌ಐ ಆಗ ಸುಮಾರು 310 ಆಗುತ್ತದೆ, ತೊಂದರೆಯಿಲ್ಲ. ಎಣ್ಣೆ ಹೆಚ್ಚು ತುಂಬಿ 30 ಮಿ.ಮೀ. ಮಾತ್ರ ಬಿಟ್ಟಿದ್ದರೆ ಅದೇ ಒತ್ತಡ 600 ದಾಟುತ್ತದೆ. 20 ಮಿ.ಮೀ. ಬಿಟ್ಟಿದ್ದರೆ ಪಿಸ್ಟನ್ ಮುಚ್ಚಳಕ್ಕೆ ಬಡಿದು ಶಾಕ್ ಕಲ್ಲಾಗುತ್ತದೆ: ಸೀಲ್ ಒಡೆಯುತ್ತದೆ ಅಥವಾ ರಾಡ್ ಬಾಗುತ್ತದೆ. ಮುಚ್ಚಳ ಹಾಕುವ ಮೊದಲು ರಾಡನ್ನು ನಿಧಾನವಾಗಿ ಪೂರ್ತಿ ಒಳಗೆ ಒತ್ತಿ, ತೇಲುವ ಪಿಸ್ಟನ್ ಎಲ್ಲಿಗೆ ಬಂತು ನೋಡಿ, ಆಮೇಲೆ ಅದನ್ನು ಕೈಯಿಂದ ಹಿಂದಕ್ಕೆ ತಳ್ಳುತ್ತಾ ರಾಡ್ ಹೊರಗೆ ತನ್ನಿ. ಒತ್ತುವಾಗ, ಎಳೆಯುವಾಗ ದಿಕ್ಕು ಬದಲಾದಲ್ಲಿ ಒಂದಿಷ್ಟು ದೂರ ಹಿಡಿತವಿಲ್ಲದೆ ಜಾರಿದರೆ ಒಳಗೆ ಇನ್ನೂ ಗಾಳಿಯಿದೆ, ಸೀಲ್ ಹೆಡ್ ತೆಗೆದು ಮತ್ತೆ ಗಾಳಿ ಬಿಡಿಸಬೇಕು.

ನೈಟ್ರೋಜನ್ ತುಂಬುವಾಗ ರಾಡ್ ಪೂರ್ತಿ ಹೊರಗಿರಬೇಕು. ಒತ್ತಡ ಲೇಬಲ್ ಮೇಲೆ ಇದ್ದಷ್ಟು, ಇಂಥವಕ್ಕೆ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ. ತುಂಬಿದ ಮೇಲೆ ಟೈರ್ ಗೇಜ್ ಒತ್ತಿ ನೋಡಬೇಡಿ. ಒಳಗಿನ ಗ್ಯಾಸ್ ಜಾಗ ನೂರಿನ್ನೂರು ಸಿ.ಸಿ. ಅಷ್ಟೆ, ಗೇಜಿನ ಹೋಸ್ ತುಂಬುವಷ್ಟರಲ್ಲೇ ಒತ್ತಡ ಬೀಳುತ್ತದೆ. ವಾಲ್ವ್, ಮುಚ್ಚಳ ಎರಡನ್ನೂ ಬಕೆಟ್ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಿ, ಒಂದು ರಾತ್ರಿ ಕಾಗದದ ಮೇಲೆ ರಾಡ್ ಕೆಳಗಾಗಿ ನಿಲ್ಲಿಸಿ ಹನಿ ನೋಡಿ.

ಗಾಡಿಗೆ ಹಾಕುವಾಗ ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಟೈರು ನೆಲಕ್ಕೆ ಊರಿ ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಮಾಡಿ. ಗಾಳಿಯಲ್ಲಿ ತೂಗಾಡುವಾಗ ಬಿಗಿ ಮಾಡಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ರಿಸರ್ವಾಯರ್ ಹೋಸ್ ಬ್ರೇಕ್ ಹೋಸಿಗೆ ಎಲ್ಲಿಯೂ ಉಜ್ಜಬಾರದು.

ನಿಮ್ಮ ಎಡಗಡೆಯದೇ ಮೊದಲು ಯಾಕೆ ಸೋರಿತು ಎನ್ನುವುದನ್ನೂ ಈಗಲೇ ಪತ್ತೆ ಮಾಡಿ. ಲಿಫ್ಟ್ ಮಾಡಿದ ಗಾಡಿಗಳಲ್ಲಿ ಬಂಪ್ ಸ್ಟಾಪ್ (ಆಕ್ಸಲ್ ಅತಿಯಾಗಿ ಮೇಲೇರದಂತೆ ತಡೆಯುವ ತುಂಡು) ಮಾತ್ರ ಹಳೆಯದೇ ಉಳಿದಿರುತ್ತದೆ. ಆ ಕಡೆಯ ಚಕ್ರವನ್ನು ಜಾಕ್‌ನಿಂದ ಬಂಪ್ ಸ್ಟಾಪ್ ಪೂರ್ತಿ ಒತ್ತುವ ತನಕ ಎತ್ತಿ, ರಾಡ್ ಎಷ್ಟು ಹೊರಗೆ ಉಳಿದಿದೆ ಅಳೆಯಿರಿ. ಕಡಿಮೆಯೆಂದರೆ 12 ಮಿ.ಮೀ. ಉಳಿದಿರಬೇಕು. ಉಳಿಯದಿದ್ದರೆ ಪ್ರತಿ ದೊಡ್ಡ ಗುಂಡಿಯಲ್ಲೂ ಬಡಿತ ತಿನ್ನುತ್ತಿರುವುದು ಶಾಕ್. ಬಂಪ್ ಸ್ಟಾಪ್ ಕೆಳಗೆ ಸ್ಪೇಸರ್ ಕೊಡದೆ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ. ಕೆಸರಿನ ದಾರಿ ಮುಗಿಸಿ ಬಂದ ದಿನವೇ ರಾಡ್ ಮೇಲೆ ಬರಿ ನೀರು ಸುರಿದು ತೊಳೆಯಿರಿ. ಒಣಗಿದ ಜಂಬಿಟ್ಟಿಗೆ ಮಣ್ಣು ಮರುದಿನ ಸೀಲಿನೊಳಗೆ ಮರಳು ಕಾಗದದಷ್ಟೇ ಕೆಡುಕು ಮಾಡುತ್ತದೆ. ಪ್ರೆಶರ್ ವಾಷರ್ ಮಾತ್ರ ಸೀಲಿನ ಬಾಯಿಗೆ ನೇರ ಹಿಡಿಯಬೇಡಿ.

ಮನೆಯಲ್ಲಿ ಮಾಡಬಹುದೇ? ಗಟ್ಟಿ ವೈಸ್, ಟಾರ್ಕ್ ವ್ರೆಂಚ್, ದೂಳಿಲ್ಲದ ಜಾಗ, ಒಂದು ಇಡೀ ಭಾನುವಾರ ಇದ್ದರೆ ಬಿಚ್ಚಿ ಕಟ್ಟುವುದನ್ನು ನೀವೇ ಮಾಡಿ, ನೈಟ್ರೋಜನ್ ಮಾತ್ರ ಎಸಿ ಮೆಕ್ಯಾನಿಕ್ ಹತ್ತಿರ ತುಂಬಿಸಿ. ನಿಮ್ಮ ಮಾಡೆಲ್‌ನ ಟಾರ್ಕ್ ಮತ್ತು ತೇಲುವ ಪಿಸ್ಟನ್ ಆಳ ಈ ಎರಡು ಅಂಕಿ ಕೈಯಲ್ಲಿ ಇಲ್ಲದಿದ್ದರೆ ಶುರು ಮಾಡಬೇಡಿ, ಮಾರಿದವರಿಂದ ಬರಹದಲ್ಲಿ ತರಿಸಿಕೊಳ್ಳಿ. ಬೇರೆಯವರಿಗೆ ಕೊಡುವುದಾದರೆ ಮೂರು ಪ್ರಶ್ನೆ ಕೇಳಿ: ಯಾವ ಎಣ್ಣೆ ಹಾಕುತ್ತೀರಿ, ತೇಲುವ ಪಿಸ್ಟನ್ ಎಷ್ಟು ಆಳಕ್ಕೆ ಇಡುತ್ತೀರಿ, ನೈಟ್ರೋಜನ್ ಎಷ್ಟು. ಮೂರಕ್ಕೂ ಅಂಕಿಯಲ್ಲಿ ಉತ್ತರ ಕೊಡುವವರಿಗೇ ಶಾಕ್ ಕೊಡಿ, ಹಳೆಯ ಸೀಲ್, ಬುಷ್ ಎಲ್ಲವನ್ನೂ ವಾಪಸು ಪಡೆಯಿರಿ.